ಪೂಜೆಯ ಹೊತ್ತಿನ ಬೆವರು

ದಕ್ಷಿಣ ಲಂಡನ್ನಿನ ಕ್ರೋಯ್ಡನ್ನಿನಲ್ಲಿರುವ ನಮ್ಮ ಮನೆಯಿಂದ ಟ್ರಾಮ್ ನಿಲ್ದಾಣಕ್ಕೆ ಹೋಗುವ ದಾರಿ ಸಣ್ಣದೊಂದು ಏರು. ಅದರ ಬದಿಯಲ್ಲಿ ಐದು ದೀಪದ ಕಂಬಗಳಿವೆ. ಮೂರನೆಯ ಕಂಬದ ಬಳಿಗೆ ಬಂದಾಗ ನನ್ನ ಎದೆ ನೋಯುತ್ತಿತ್ತು. ನಾನು ನಿಲ್ಲುತ್ತಿದ್ದೆ, ಕಿಸೆಯಿಂದ ಔಷಧಿಯ ಸಣ್ಣ ಸೀಸೆಯನ್ನು ತೆಗೆದು ನಾಲಿಗೆಯ ಅಡಿಗೆ ಒಮ್ಮೆ ಸಿಂಪಡಿಸಿಕೊಳ್ಳುತ್ತಿದ್ದೆ, ನೋವು ಹೋಗುತ್ತಿತ್ತು, ನಾನೂ ಹೋಗುತ್ತಿದ್ದೆ. ನಾಲ್ಕು ವರ್ಷಗಳಲ್ಲಿ ಈ ಕ್ರಮ ತಪ್ಪಲಿಲ್ಲ, ಕಂಬವೂ ಬದಲಾಗಲಿಲ್ಲ. ವೈದ್ಯರು ಈ ಎದೆನೋವನ್ನು ಸ್ಥಿರವಾದ ಆಂಜೈನಾ ಎಂದು ಕರೆದರು. ಸ್ಥಿರ ಎಂಬ ವಿಶೇಷಣ ನನಗೆ ಹಿಡಿಸಿತು. ನನ್ನ ಹೃದಯಕ್ಕೆ ಏನಾದರೂ ಹೇಳುವುದಿದ್ದರೆ ಅದು ಹೊತ್ತು ಗೊತ್ತು ನೋಡಿ, ಒಂದೇ ಸ್ಥಳದಲ್ಲಿ, ಒಂದೇ ಧ್ವನಿಯಲ್ಲಿ ಹೇಳುತ್ತದೆ ಎಂದು ನಂಬಿದ್ದೆ. ಹೇಳದಿದ್ದರೆ ಹೇಳುವುದೇನೂ ಇಲ್ಲವೆಂದೇ ಅರ್ಥ.

ಬಾಲ್ಯದಲ್ಲಿ ಕುಂದಾಪುರದ ಕಡೆಯ ಪಾಠಶಾಲೆಯೊಂದರಲ್ಲಿ ಒಂಬತ್ತು ವರ್ಷ ಸಂಸ್ಕೃತ ಓದಿದವನು ನಾನು. ಆ ವಿದ್ಯೆಯನ್ನು ಪರಿಗಣಿಸಿ ಲಂಡನ್ನಿನಲ್ಲಿ ನನಗೆ ಅಂಚೆ ಕಚೇರಿಯಲ್ಲಿ ಕಾಗದಗಳನ್ನು ವಿಂಗಡಿಸುವ ಕೆಲಸ ಕೊಟ್ಟರು. ಮೂವತ್ತೊಂದು ವರ್ಷ ವಿಂಗಡಿಸಿದೆ. ಶನಿವಾರ ಭಾನುವಾರಗಳಲ್ಲಿ ನಾಮಕರಣ, ಗೃಹಪ್ರವೇಶ, ಶ್ರಾದ್ಧಗಳನ್ನು ಮಾಡಿಸುತ್ತಿದ್ದೆ. ನಿವೃತ್ತಿಯಾದ ಮೇಲೂ ಟೂಟಿಂಗಿನ ಹೋಟೆಲಿನ ಅಡುಗೆಯವರು, ಹೇಸ್ ಕಡೆಯ ಗೋದಾಮಿನಲ್ಲಿ ದುಡಿಯುವವರು, ಬೆಂಗಳೂರಿನಿಂದ ಬಂದು ನೆಲೆಸಿದ ಆಫೀಸಿನ ಜನ ಫೋನ್ ಮಾಡುತ್ತಾರೆ. ಅವರ ಪ್ರಶ್ನೆ ಹೆಚ್ಚಾಗಿ ಒಂದೇ: ಇಂಥವರು ತೀರಿಕೊಂಡರು, ನಮಗೆಷ್ಟು ದಿನ ಸೂತಕ? ಇಂಥವರಿಗೆ ಮಗುವಾಯಿತು, ನಮಗೆಷ್ಟು ದಿನ? ಸಂಬಂಧ ಯಾವುದು, ಸುದ್ದಿ ಯಾವಾಗ ತಿಳಿಯಿತು ಎಂದು ವಿಚಾರಿಸಿ ಉತ್ತರ ಹೇಳುತ್ತೇನೆ. ಈ ವಿಷಯದಲ್ಲಿ ನನ್ನ ಮಾತಿಗೆ ಮೇಲ್ಮನವಿ ಇಲ್ಲ.

ನನ್ನ ಪೂಜೆಯ ಕ್ರಮವನ್ನು ಇಲ್ಲಿ ಹೇಳಬೇಕು, ಏಕೆಂದರೆ ಮುಂದೆ ವೈದ್ಯರೂ ಅದನ್ನೇ ಕೇಳಿದರು. ಬೆಳಿಗ್ಗೆ ಐದೂವರೆಗೆ ತಣ್ಣೀರಿನ ಸ್ನಾನ. ಗೋಡೆಯಲ್ಲಿ ಬಾಯ್ಲರ್ ಇದೆ, ನಮ್ಮ ಜೊತೆಯಲ್ಲೇ ಇರುವ ಮಗಳು ಅದಕ್ಕೆ ಪ್ರತಿ ವರ್ಷ ಪರೀಕ್ಷೆ ಮಾಡಿಸುತ್ತಾಳೆ. ಆದರೆ ದೇಹದಲ್ಲಿ ಶಕ್ತಿ ಇರುವವನು ಬಿಸಿನೀರನ್ನು ಬಯಸಬಾರದೆಂದು ನನಗೆ ಕಲಿಸಿದವರು ಹೇಳಿದ್ದರು. ಸ್ನಾನವಾದ ಮೇಲೆ ಒದ್ದೆ ಪಂಚೆಯಲ್ಲೇ ಹಿತ್ತಿಲಿನ ನಲ್ಲಿಗೆ ಹೋಗಿ ತಾಮ್ರದ ಕೊಡಪಾನ ತುಂಬಿಸುತ್ತಿದ್ದೆ. ಯಾರೂ ಮುಟ್ಟದ ನೀರು ಮನೆಯಲ್ಲಿ ಅದೊಂದೇ. ಅದನ್ನು ಹೊತ್ತು ಹದಿಮೂರು ಮೆಟ್ಟಿಲು ಹತ್ತಿ ದೇವರ ಕೋಣೆಗೆ ತಂದು, ಮಡಿ ಉಟ್ಟು, ಸಂಧ್ಯಾವಂದನೆ ಮುಗಿಸಿ, ನಿಂತೇ ಒಂದೂವರೆ ಗಂಟೆ ಪೂಜೆ. ಹೊಟ್ಟೆಗೆ ಅಲ್ಲಿಯವರೆಗೆ ಏನೂ ಇಲ್ಲ. ಮಾಘಮಾಸದಲ್ಲಿ ಹಿತ್ತಿಲಿನ ನಲ್ಲಿ ಹೆಪ್ಪುಗಟ್ಟುವುದುಂಟು. ಆಗ ಅದಕ್ಕೊಂದು ಹಳೆಯ ಉಣ್ಣೆಯ ಕಾಲುಚೀಲ ತೊಡಿಸುತ್ತಿದ್ದೆ. ನಾನು ತೊಡುತ್ತಿರಲಿಲ್ಲ.

ಭಕ್ತಿ ಪಕ್ವವಾದಾಗ ಶರೀರದಲ್ಲಿ ತಾನಾಗಿ ತೋರುವ ಕುರುಹುಗಳು ಎಂಟು ಎಂದು ಪಾಠಶಾಲೆಯಲ್ಲಿ ಓದಿದ್ದೆ. ಮೈ ಸ್ತಬ್ಧವಾಗುವುದು, ಬೆವರುವುದು, ರೋಮಾಂಚ, ಗಂಟಲು ಕಟ್ಟುವುದು, ನಡುಕ, ಮುಖದ ಬಣ್ಣ ಹೋಗುವುದು, ಕಣ್ಣೀರು, ಮೈಮರೆವು. ಇವು ಬೇಕೆಂದು ಕೇಳಿ ಪಡೆಯುವಂಥವಲ್ಲ. ಎಲ್ಲರಿಗೂ ಬರುವಂಥವೂ ಅಲ್ಲ. ಅರುವತ್ತು ವರ್ಷ ಪೂಜೆ ಮಾಡಿದೆ, ಒಂದೂ ಬರಲಿಲ್ಲ. ನಾನೂ ಕೇಳಲಿಲ್ಲ. ನನ್ನ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಒಂದು ಬೆಳಿಗ್ಗೆ ಮಂಗಳಾರತಿ ಎತ್ತುವಾಗ ಹಣೆಯಲ್ಲಿ ಬೆವರೊಡೆಯಿತು. ಕೈ ನಡುಗಿತು. ಮಂತ್ರ ಹೇಳುತ್ತಿದ್ದ ಗಂಟಲು ಸಣ್ಣಗಾಯಿತು. ಹೊರಗೆ ಹಿಮ ಬೀಳುತ್ತಿದ್ದ ದಿನ ಅದು, ಬೆವರಲು ಬೇರೆ ಕಾರಣವಿರಲಿಲ್ಲ. ಮರುದಿನವೂ ಹಾಗೆಯೇ ಆಯಿತು. ಕನ್ನಡಿಯಲ್ಲಿ ನೋಡಿಕೊಂಡೆ, ಮುಖದ ಬಣ್ಣವೂ ಹೋಗಿತ್ತು. ಎಂಟರಲ್ಲಿ ನಾಲ್ಕು.

ಯಾರಿಗೂ ಹೇಳಲಿಲ್ಲ. ಇಂಥದನ್ನು ಹೇಳಿಕೊಂಡರೆ ಹೋಗಿಬಿಡುತ್ತದೆ. ಆದರೆ ಆ ವರ್ಷವೆಲ್ಲ ಬೆಳಿಗ್ಗೆ ತಣ್ಣೀರಿನ ಚೆಂಬನ್ನು ತಲೆಯ ಮೇಲೆ ಸುರಿದುಕೊಳ್ಳುವಾಗ ಒಂದು ಸಂತೋಷವಿರುತ್ತಿತ್ತು. ಬದುಕಿನ ಕೊನೆಯ ಭಾಗದಲ್ಲಾದರೂ ನನ್ನ ಪೂಜೆ ಮುಟ್ಟಬೇಕಾದಲ್ಲಿಗೆ ಮುಟ್ಟುತ್ತಿದೆ ಎಂಬ ಸಂತೋಷ.

ನನ್ನ ಹೆಂಡತಿ ಪೂಜೆಯ ಹೊತ್ತಿಗೆ ದೇವರ ಕೋಣೆಯ ಬಾಗಿಲಲ್ಲಿ ಕುಳಿತು ಹೂವಿನ ತೊಟ್ಟು ಮುರಿಯುತ್ತಾಳೆ. ಐವತ್ತು ವರ್ಷ ಲಂಡನ್ನಿನಲ್ಲಿದ್ದೂ ಅವಳ ಮಾತು ಕುಂದಾಪುರದಿಂದ ಒಂದು ಹೆಜ್ಜೆಯೂ ಹೊರಗೆ ಬಂದಿಲ್ಲ.

"ಕಾಣಿ, ಮಂಗಳಾರತಿ ಹೊತ್ತಿಗೆ ನಿಮ್ಮ್ ಮುಖ ಸುಣ್ಣ ಬಳ್ದಾಂಗ್ ಆತ್ತ್," ಎಂದಳು ಒಂದು ದಿನ.

"ಅದು ದೀಪದ ಬೆಳಕು," ಎಂದೆ.

"ದೀಪ ಹಳ್ದಿ. ಮುಖ ಬಿಳಿ."

ಅವಳು ಅದನ್ನು ಮಗಳಿಗೆ ಹೇಳಿದಳು. ಮಗಳು ಇಲ್ಲಿನ ನಗರಸಭೆಯಾದ ಕೌನ್ಸಿಲ್‌ನಲ್ಲಿ ಮನೆ ಹಂಚುವ ವಿಭಾಗದಲ್ಲಿದ್ದಾಳೆ. ದೂರುಗಳನ್ನು ಸರಿಯಾದ ಮೇಜಿಗೆ ತಲುಪಿಸುವುದು ಅವಳಿಗೆ ಅಭ್ಯಾಸ. ದೂರು ನಮ್ಮ ಬಡಾವಣೆಯ ವೈದ್ಯರಾದ ಜಿ.ಪಿ.ಗೆ ಹೋಯಿತು, ಅಲ್ಲಿಂದ ಆಸ್ಪತ್ರೆಯ ಹೃದಯ ವಿಭಾಗಕ್ಕೆ ಹೋಯಿತು, ಅದರ ಹಿಂದೆಯೇ ನಾನೂ ಹೋದೆ.

ಅಲ್ಲಿಯ ವೈದ್ಯೆ ನನ್ನ ಮಗಳ ವಯಸ್ಸಿನವರು. ಮೂರನೆಯ ಕಂಬದ ವಿಷಯವನ್ನೂ ಪೂಜೆಯ ಕ್ರಮವನ್ನೂ ಶ್ರದ್ಧೆಯಿಂದ ಕೇಳಿಸಿಕೊಂಡರು.

"ಪ್ರಾರ್ಥನೆಯ ಹೊತ್ತಿನಲ್ಲಿ ನೋವು?"

"ಇಲ್ಲ. ಎಂದೂ ಇಲ್ಲ."

"ನೋವಿಲ್ಲ ಅನ್ನುವುದಷ್ಟೇ ನನಗೆ ಸಾಲದು," ಎಂದರು. ಹೃದಯದ ಸ್ನಾಯುವಿಗೆ ರಕ್ತ ಸಾಲದೆ ಹೋದಾಗ ಸಾಮಾನ್ಯವಾಗಿ ನೋವಾಗುತ್ತದೆ. ಆದರೆ ನೋವೇ ಇಲ್ಲದೆ ಹಾಗಾಗುವುದೂ ಉಂಟು. ಏರು ಹತ್ತುವಾಗ ನೋಯುವವನಿಗೇ, ಬೇರೆ ಹೊತ್ತಿನಲ್ಲಿ ಸದ್ದಿಲ್ಲದೆ ಅದೇ ಕೊರತೆ ಆಗುತ್ತಿರಬಹುದು. ಬಹುಕಾಲ ಸಕ್ಕರೆ ಕಾಯಿಲೆ ಇದ್ದವರಲ್ಲಿ ಹೆಚ್ಚು. ನನಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಎದೆಗೆ ತಂತಿಗಳನ್ನು ಅಂಟಿಸಿ, ಸೊಂಟಕ್ಕೊಂದು ಸಣ್ಣ ಯಂತ್ರ ಕಟ್ಟಿ, ಎರಡು ದಿನ ಹೃದಯದ ನಡೆಯನ್ನು ಬರೆಸಿಕೊಂಡರೆ ತಿಳಿಯುತ್ತದೆ ಎಂದರು. ಕೊರತೆ ಕಂಡರೆ ಔಷಧಿ ಬದಲಾಗುತ್ತದೆ, ರಕ್ತನಾಳಗಳ ಚಿತ್ರ ತೆಗೆಯಬೇಕಾಗುತ್ತದೆ. "ಆಮೇಲೆ ಆ ತಣ್ಣೀರು, ಆ ಕೊಡ, ಆ ನಿಲ್ಲುವುದು, ಎಲ್ಲದರ ಬಗ್ಗೆ ನಾವು ಮಾತಾಡಬೇಕು."

ಅಂಚೆಯ ಕೆಲಸದಲ್ಲಿದ್ದವನಿಗೆ ಇದು ಅರ್ಥವಾಗದ ವಿಷಯವಲ್ಲ. ಸಹಿ ಬೇಕಾದ ಅಂಚೆ ಬಾಗಿಲು ಬಡಿಯುತ್ತದೆ. ಉಳಿದದ್ದು ಬಾಗಿಲಿನ ಸಂದಿಯಿಂದ ಸುಮ್ಮನೆ ಒಳಗೆ ಬೀಳುತ್ತದೆ. ಅರ್ಥವಾದದ್ದರಿಂದಲೇ ನನಗೆ ಅದು ಬೇಡವಾಗಿತ್ತು. ಯಂತ್ರದ ವರದಿ ಶುದ್ಧವಾಗಿ ಬರಲಿ, ನನ್ನ ಪೂಜೆ ನನ್ನ ಪಾಲಿಗೆ ಇದ್ದಂತೆ ಉಳಿಯಲಿ, ಎಂಟರಲ್ಲಿ ನಾಲ್ಕು ನಾಲ್ಕಾಗಿಯೇ ಇರಲಿ ಎಂದು ಬೇಡಿಕೊಂಡು ಮನೆಗೆ ಬಂದೆ.

ಯಂತ್ರ ಕಟ್ಟುವ ದಿನವನ್ನು ತಿಳಿಸಿ ಕಾಗದ ಬಂತು. ಅದರ ಕೊನೆಯಲ್ಲಿ ದಪ್ಪ ಅಕ್ಷರಗಳಲ್ಲಿ, ಎರಡು ದಿನವೂ ಸ್ನಾನ ಮಾಡಕೂಡದು ಎಂದಿತ್ತು. ಸ್ನಾನವಿಲ್ಲದೆ ಪೂಜೆಯಿಲ್ಲ. ಫೋನ್ ಮಾಡಿ ಆ ದಿನ ಆಗುವುದಿಲ್ಲವೆಂದೆ. ಕಾರಣ ಕೇಳಿದರು. ಪೂರ್ವನಿಶ್ಚಿತ ಕಾರ್ಯ ಎಂದೆ. ಅರುವತ್ತು ವರ್ಷ ಹಿಂದೆಯೇ ನಿಶ್ಚಿತವಾಗಿತ್ತು.

"ಅಪ್ಪಯ್ಯ, ಇದು ಹಾಸ್ಪಿಟಲ್ ಅಪಾಯಿಂಟ್‌ಮೆಂಟ್, ನಿಮ್ಮ ಮುಹೂರ್ತ ಅಲ್ಲ," ಎಂದಳು ಮಗಳು. "ಕ್ಯಾನ್ಸಲ್ ಮಾಡಿದ್ರೆ ಕ್ಯೂ ಕೊನೆಗೆ ಹಾಕ್ತಾರೆ."

ಅದಾದ ಎರಡು ವಾರಕ್ಕೆ ನನ್ನ ಅಣ್ಣನ ಮೊಮ್ಮಗನಿಗೆ ಕುಂದಾಪುರದಲ್ಲಿ ಗಂಡುಮಗು ಹುಟ್ಟಿತು. ವಾಟ್ಸಾಪಿನಲ್ಲಿ ಕೂಸಿನ ಫೋಟೋ ಬಂತು; ಫೋಟೋದೊಂದಿಗೆ ಸೂತಕವೂ ಬಂತು. ಹುಟ್ಟಿನ ಈ ಸೂತಕವನ್ನು ನಮ್ಮ ಕಡೆ ಅಮೆ ಎನ್ನುತ್ತಾರೆ. ದಾಯಾದಿಗಳಿಗೆ ಹತ್ತು ದಿನ. ಆ ಹತ್ತು ದಿನ ದೇವರ ಪೂಜೆಯಿಲ್ಲ, ಸಂಧ್ಯಾವಂದನೆಯೂ ಅರ್ಘ್ಯದ ಮಟ್ಟಿಗೆ ಮಾತ್ರ. ಬೇರೆ ಗೋತ್ರಕ್ಕೆ ಕೊಟ್ಟ ಮಗಳಿಗೆ ಅಮೆ ಇಲ್ಲವಾದ್ದರಿಂದ ಅವಳು ಕೆಲಸಕ್ಕೆ ಹೋಗುವ ಮೊದಲು ದೇವರಿಗೆ ದೀಪ ಹಚ್ಚುತ್ತಾಳೆ.

ನನಗೆ ದಾರಿ ತೆರೆದಂತಾಯಿತು. ಹೇಗೂ ಪೂಜೆಯಿಲ್ಲದ ಹತ್ತು ದಿನ. ಅದರಲ್ಲಿ ಎರಡು ದಿನ ಸ್ನಾನವೂ ಇಲ್ಲದಿದ್ದರೆ ನಷ್ಟ ಕಡಿಮೆ. ಆಸ್ಪತ್ರೆಗೆ ಫೋನ್ ಮಾಡಿ ಈ ವಾರದೊಳಗೆ ಯಾರಾದರೂ ಬಾರದೆ ಉಳಿದರೆ ನನ್ನನ್ನು ಕರೆಯಿರಿ ಎಂದೆ. ಮಂಗಳವಾರಕ್ಕೆ ಕರೆದರು. ಇದರಲ್ಲಿ ಕಪಟವಿತ್ತೇ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಆಗ ಇರಲಿಲ್ಲವೆಂದೇ ನೆನಪು. ಅನುಕೂಲ ಮಾತ್ರ ಕಂಡಿತ್ತು.

ಯಂತ್ರ ಕಟ್ಟುವ ಹೆಂಗಸು ಘಾನಾ ದೇಶದವರು. ನನ್ನ ಅಂಗಿ ಬಿಚ್ಚಿಸಿ, ಎದೆಯ ಕೂದಲನ್ನು ಮೂರು ಕಡೆ ಬೋಳಿಸಿದರು. ಮಂಗಳವಾರ ಕ್ಷೌರ ನಿಷಿದ್ಧ. ಆದರೆ ಅಮೆಯಲ್ಲಿರುವವನಿಗೆ ಅದನ್ನು ಎತ್ತಿ ಹೇಳುವ ಅಧಿಕಾರ ಎಷ್ಟೆಂದು ನಿರ್ಣಯಿಸುವಷ್ಟರಲ್ಲಿ ಬೋಳಿಸಿ ಆಗಿತ್ತು. ಜನಿವಾರವನ್ನು ನೋಡಿ ಅವರು ಕೈ ತಡೆದರು.

"ಇದನ್ನು ತೆಗೆಯುವುದುಂಟೋ?"

"ಇಲ್ಲ."

"ನನ್ನ ಅಜ್ಜಿಯ ಸೊಂಟದಲ್ಲಿ ಮಣಿಸರ ಇತ್ತು. ಅವಳೂ ಹೀಗೇ ಇಲ್ಲ ಅಂತಿದ್ದಳು, ಇದೇ ಮುಖ ಮಾಡಿ," ಎಂದು ತಂತಿಗಳನ್ನು ಜನಿವಾರದ ಆಚೆ ಈಚೆ ಸುತ್ತಿಸಿ ಅಂಟಿಸಿದರು. ಒಂದು ತೆಳ್ಳಗಿನ ಪುಸ್ತಕ ಕೊಟ್ಟರು. ಪ್ರತಿ ಪುಟದಲ್ಲಿ ಮೂರು ಅಂಕಣ: ಹೊತ್ತು, ಮಾಡುತ್ತಿದ್ದ ಕೆಲಸ, ಅನಿಸಿದ ತೊಂದರೆ. ನೋವು ಬಂದರೆ ಯಂತ್ರದ ಗುಂಡಿ ಒತ್ತಬೇಕು. "ದಿನನಿತ್ಯ ಏನು ಮಾಡುತ್ತೀರೋ ಅದನ್ನೇ ಮಾಡಿ. ಯಂತ್ರ ಇದೆ ಅಂತ ಸುಮ್ಮನೆ ಕೂತುಬಿಡಬೇಡಿ."

ನಾನು ಸುಮ್ಮನೆ ಕೂತೆ. ಅಮೆಯಲ್ಲಿ ಮತ್ತೇನು ಮಾಡುವುದು? ಪತ್ರಿಕೆ ಓದಿದೆ. ಮಧ್ಯಾಹ್ನ ಮಲಗಿದೆ. ಕರ್ತವ್ಯಬುದ್ಧಿಯಿಂದ ಒಮ್ಮೆ ಟ್ರಾಮ್ ನಿಲ್ದಾಣದವರೆಗೆ ನಡೆದು, ಮೂರನೆಯ ಕಂಬದ ಬಳಿ ಗುಂಡಿ ಒತ್ತಿದೆ. ಪುಸ್ತಕದಲ್ಲಿ ಬೆಳಗಿನ ಹೊತ್ತಿನ ಎದುರಿಗೆ ವಿಶ್ರಾಂತಿ ಎಂದು ಬರೆದೆ. ತೊಂದರೆಯ ಅಂಕಣದಲ್ಲಿ ಇಲ್ಲ ಎಂದು ಬರೆದೆ. ಅಷ್ಟೂ ಸತ್ಯವಾಗಿತ್ತು.

ಹತ್ತು ದಿನ ತುಂಬುವ ಮೊದಲೇ ವರದಿ ನೋಡಲು ಕರೆ ಬಂತು. ಆ ದಿನ ಮಗಳಿಗೆ ರಜೆ ಸಿಗಲಿಲ್ಲ, ನನ್ನ ಹೆಂಡತಿ ಬಂದಳು. ವೈದ್ಯೆ ಗಣಕದ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದರು.

"ಒಂದು ಸಲ ಮಾತ್ರ ರಕ್ತದ ಕೊರತೆ ಕಾಣುತ್ತದೆ, ನೀವು ಗುಂಡಿ ಒತ್ತಿದಾಗ. ಉಳಿದಂತೆ ಎರಡು ದಿನವೂ ಪೂರ್ತಿ ಶಾಂತ. ಸದ್ದಿಲ್ಲದ ಕೊರತೆ ಒಂದೂ ಇಲ್ಲ. ಇದು ಒಳ್ಳೆಯ ಸುದ್ದಿ."

ನಾನು ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ. ಸೂತಕದಲ್ಲಿ ಅಷ್ಟಕ್ಕೆ ಅಡ್ಡಿಯಿಲ್ಲ.

ಆಗ ನನ್ನ ಹೆಂಡತಿ, ಚೀಲವನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡು, "ಅಮೆ ಸುದ್ದಿ ಹೇಳ್ದ್ರ್ಯಾ ನೀವ್ ಅವ್ರಿಗೆ?" ಎಂದಳು.

"ಅದು ಇಲ್ಲಿ ಪ್ರಸ್ತುತವಲ್ಲ," ಎಂದೆ.

"ಏನು ಹೇಳುತ್ತಿದ್ದಾರೆ?" ಎಂದರು ವೈದ್ಯೆ.

"ಧನ್ಯವಾದ ಹೇಳುತ್ತಿದ್ದಾಳೆ."

"ಥ್ಯಾಂಕ್ಯೂ ಅಂದ್ರೆ ನಂಗೂ ಗೊತ್ತಿತ್ತ್ ಮಾರಾಯ್ರೆ," ಎಂದಳು ಅವಳು. "ನಾ ಹೇಳ್ದದ್ದ್ ಅದಲ್ಲ. ಸಮ ಮಾಡಿ ಹೇಳಿ."

ಸಾವಿರಾರು ಜನರ ಎದುರಲ್ಲಿ ಸಂಕಲ್ಪ ಹೇಳಿಸಿದ ನಾಲಿಗೆ ಇದು. ಸುಳ್ಳನ್ನು ಇಷ್ಟು ಸಲೀಸಾಗಿ, ಅದೂ ಅವಳ ಬಾಯಲ್ಲಿಟ್ಟು ಹೇಳಿತಲ್ಲ ಎಂದು ನನಗೇ ನಾಚಿಕೆಯಾಯಿತು. ಸಮ ಮಾಡಿ ಹೇಳಿದೆ.

"ಡಾಕ್ಟರೇ, ಆ ಎರಡು ದಿನ ನಾನು ಪೂಜೆ ಮಾಡಿರಲಿಲ್ಲ. ತಣ್ಣೀರಿನ ಸ್ನಾನ ಮಾಡಿರಲಿಲ್ಲ. ನೀರು ಹೊತ್ತಿರಲಿಲ್ಲ."

"ಯಾಕೆ? ಯಂತ್ರ ಇದ್ದದ್ದರಿಂದಲೇ?"

"ಮಗು ಹುಟ್ಟಿದ್ದರಿಂದ."

"ನಿಮ್ಮ ಮನೆಯಲ್ಲಿ?"

"ಕುಂದಾಪುರದಲ್ಲಿ."

ವೈದ್ಯೆ ಸ್ವಲ್ಪ ಹೊತ್ತು ಪರದೆಯನ್ನು ನೋಡಿದರು, ಅಲ್ಲಿ ಏನಾದರೂ ಸಹಾಯ ಸಿಗಬಹುದೆಂಬಂತೆ. "ಹಾಗಾದರೆ ನಾವು ರಜೆಯಲ್ಲಿದ್ದ ಹೃದಯವನ್ನು ಪರೀಕ್ಷೆ ಮಾಡಿದ್ದೇವೆ."

"ರಜೆಯಲ್ಲ. ಸೂತಕ."

"ಯಾವಾಗ ಮುಗಿಯುತ್ತದೆ?"

"ಬರುವ ಸೋಮವಾರ ಬೆಳಿಗ್ಗೆ."

ಅವರು ಅದನ್ನು ಕಡತದಲ್ಲಿ ಬರೆದುಕೊಂಡರು. ಬ್ರಿಟಿಷ್ ಆಸ್ಪತ್ರೆಯೊಂದರ ಕಡತದಲ್ಲಿ ನಮ್ಮ ದಾಯಾದಿ ಕೂಸಿನ ಅಮೆ ಮುಗಿಯುವ ದಿನ ದಾಖಲಾಗಿದೆ. "ಮತ್ತೊಮ್ಮೆ ಕಟ್ಟೋಣ," ಎಂದರು, "ನೀವು ಪೂಜೆ ಮಾಡುವ ದಿನ."

ಆದರೆ ಪೂಜೆ ಮಾಡಬೇಕಾದರೆ ಸ್ನಾನ ಮಾಡಬೇಕು, ಯಂತ್ರವಿದ್ದರೆ ಸ್ನಾನ ಮಾಡುವಂತಿಲ್ಲ. ಈ ತೊಡಕನ್ನು ರಾತ್ರಿ ಊಟದ ಹೊತ್ತಿಗೆ ಮಗಳ ಮುಂದಿಟ್ಟೆ. ಅವಳು ತಟ್ಟೆಯಿಂದ ಮುಖವೆತ್ತದೆ, "ಅಪ್ಪಯ್ಯ, ಹೋದ ವರ್ಷ ಹೇಸ್‌ನಲ್ಲಿ ಕಾಲು ಮುರಿದು ಪ್ಲಾಸ್ಟರ್ ಹಾಕಿದ್ದವರಿಗೆ ಫೋನಲ್ಲಿ ಏನು ಹೇಳಿದ್ರಿ?" ಎಂದಳು.

ರೋಗಿಗಳಿಗೆ ಶಾಸ್ತ್ರ ದಯೆ ತೋರಿಸಿದೆ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡರೆ ಅದೂ ಸ್ನಾನವೇ. ಮನಸ್ಸಿಗೆ ಅಳುಕು ಬೇಡ, ಎಂದು ಹೇಳಿದ್ದೆ.

"ಅದು ರೋಗಿಗಳಿಗೆ," ಎಂದೆ.

"ಎಕ್ಸಾಕ್ಟ್‌ಲಿ," ಎಂದು ಅವಳು ಮೊಸರು ಬಡಿಸಿಕೊಂಡಳು.

ಎರಡನೆಯ ಸಲ ಘಾನಾದ ಹೆಂಗಸು ನನ್ನನ್ನು ನೆನಪಿಟ್ಟುಕೊಂಡಿದ್ದರು. ಕೂಸು ಕ್ಷೇಮವೇ ಎಂದು ವಿಚಾರಿಸಿ, ಬೆಳೆಯತೊಡಗಿದ್ದ ಅದೇ ಮೂರು ಕಡೆ ಮತ್ತೆ ಬೋಳಿಸಿದರು. ಅಂದು ಬುಧವಾರ, ಆಕ್ಷೇಪವಿರಲಿಲ್ಲ.

ಮರುದಿನ ಬೆಳಿಗ್ಗೆ ಐದೂವರೆಗೆ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ, ತಂತಿಗಳನ್ನು ತಪ್ಪಿಸಿ, ಮೈ ಒರೆಸಿಕೊಂಡೆ. ಮೊಣಕಾಲಿನ ಕೆಳಗೆ ನೀರನ್ನೇ ಸುರಿದುಕೊಂಡೆ. ಒದ್ದೆ ಪಂಚೆಯಲ್ಲಿ ಹಿತ್ತಿಲಿಗೆ ಹೋಗಿ, ಕೊಡಪಾನ ತುಂಬಿ, ಹದಿಮೂರು ಮೆಟ್ಟಿಲು ಹತ್ತಿದೆ. ಪೂಜೆಗೆ ನಿಂತೆ. ಯಂತ್ರ ಪಂಚೆಯ ಮೇಲೆ ಸೊಂಟದಲ್ಲಿತ್ತು. ಅಲಂಕಾರ ಮುಗಿದು ಮಂಗಳಾರತಿಗೆ ಕೈಹಾಕುವಾಗ ಎಂದಿನಂತೆ ಹಣೆ ಬೆವರಿತು, ಕೈ ಹಗುರವಾಗಿ ನಡುಗಿತು. ಸಾಲಿಗ್ರಾಮದ ಮೇಲಿನ ತುಳಸಿ ಎರಡಾಗಿ ಕಂಡಿತು. ನೋವಿರಲಿಲ್ಲ. ಗುಂಡಿ ಒತ್ತಲಿಲ್ಲ. ನೋವು ಬಂದರೆ ಒತ್ತಿ ಎಂದಿದ್ದರು, ಬಂದದ್ದು ನೋವಲ್ಲ.

ಪೂಜೆ ಮುಗಿಸಿ ಪುಸ್ತಕ ತೆಗೆದುಕೊಂಡೆ. ಕೆಲಸದ ಅಂಕಣದಲ್ಲಿ ದೇವತಾರ್ಚನೆ ಎಂದು ಬರೆದೆ. ತೊಂದರೆಯ ಅಂಕಣದ ಮುಂದೆ ಪೆನ್ಸಿಲ್ ಹಿಡಿದು ತುಂಬಾ ಹೊತ್ತು ಕುಳಿತೆ. ಒಂದು ವರ್ಷ ಯಾರಿಗೂ ಹೇಳದೆ ಕಾಪಾಡಿಕೊಂಡು ಬಂದದ್ದನ್ನು ತೊಂದರೆ ಎಂಬ ತಲೆಬರಹದ ಅಡಿಯಲ್ಲಿ ಬರೆಯಲು ಕೈ ಬರಲಿಲ್ಲ. ಇಲ್ಲ ಎಂದು ಬರೆದು ಎದ್ದೆ.

ವೈದ್ಯೆಯ ಮುಂದೆ ಎರಡನೆಯ ಸಲ ಕುಳಿತಾಗ ಪರದೆಯ ತುಂಬ ಹೃದಯದ ಗೆರೆಗಳಿದ್ದವು. "ಎರಡು ಬೆಳಿಗ್ಗೆಗಳಲ್ಲಿ ಐದು ಸಲ," ಎಂದರು. "ಪೂಜೆಯ ಹೊತ್ತಿನಲ್ಲೇ. ಅತಿ ದೀರ್ಘವಾದದ್ದು ಹನ್ನೊಂದು ನಿಮಿಷ. ನೀವು ಒಮ್ಮೆಯೂ ಗುಂಡಿ ಒತ್ತಿಲ್ಲ." ಆಮೇಲೆ ಪುಸ್ತಕವನ್ನು ನನ್ನ ಮುಂದೆ ಸರಿಸಿ, "ಆದರೆ ಇಲ್ಲಿ ಯಾರೋ ಏನೋ ಬರೆದಿದ್ದಾರೆ. ಹೊತ್ತನ್ನು ಮಾತ್ರ ಓದಬಲ್ಲೆ. ಯಂತ್ರದ ಹೊತ್ತಿಗೆ ತಾಳೆಯಾಗುತ್ತದೆ. ಏನದು?" ಎಂದರು.

ನನ್ನ ಇಲ್ಲ ಎಂಬುದರ ಕೆಳಗೆ, ಪೆನ್ಸಿಲಿನಲ್ಲಿ, ಕನ್ನಡದಲ್ಲಿ ಮೂರು ಸಾಲುಗಳಿದ್ದವು. ನನ್ನ ಹೆಂಡತಿಯ ಅಕ್ಷರ. ಅವಳು ಕಿಟಕಿಯ ಹೊರಗೆ ಆಸ್ಪತ್ರೆಯ ಕಾರು ನಿಲ್ಲಿಸುವ ಜಾಗವನ್ನು ನೋಡುತ್ತಿದ್ದಳು.

ಮತ್ತೆ ಅನುವಾದ ನನ್ನ ಪಾಲಿಗೆ ಬಂತು. ಈ ಸಲ ಸಮ ಮಾಡಿಯೇ ಓದಿದೆ.

"ಏಳು ಗಂಟೆ ಹತ್ತು ನಿಮಿಷ. ಮುಖ ಬಿಳಿ."

"ಹೌದು," ಎಂದು ವೈದ್ಯೆ ಗೆರೆಯ ಮೇಲೆ ಬೆರಳಿಟ್ಟರು.

"ಏಳು ಗಂಟೆ ಇಪ್ಪತ್ತೈದು. ಬೆವರು. ಗಂಟೆ ಬಾರಿಸುವುದು ನಿಂತಿತು."

"ಹೌದು."

"ಏಳು ಗಂಟೆ ಮೂವತ್ತು. ಹೆದರಿಕೆ."

"ನಿಮಗೆ ಹೆದರಿಕೆಯಾಯಿತೇ?"

"ಇಲ್ಲ. ಅವಳಿಗೆ."

ವೈದ್ಯೆ ನನ್ನ ಹೆಂಡತಿಯ ಕಡೆಗೆ ತಿರುಗಿದರು. "ಸರಿಯಾದ ಅಂಕಣದಲ್ಲೇ ಬರೆದಿದ್ದಾರೆ," ಎಂದರು. ನಾನು ಅದನ್ನು ಕನ್ನಡಕ್ಕೆ ತಂದು ಹೇಳಿದೆ. ಅವಳು ತಲೆಯಾಡಿಸಿದಳು.

ಬೆವರು, ಮುಖ ಬಿಳಿಚುವುದು, ಇವನ್ನು ನೀವು ಏನೆಂದು ತಿಳಿದಿದ್ದಿರಿ ಎಂದು ವೈದ್ಯೆ ಕೇಳಿದರು. ಕೆಲವರು ಆಯಾಸ ಎನ್ನುತ್ತಾರಂತೆ, ಕೆಲವರು ವಾಯು ಎನ್ನುತ್ತಾರಂತೆ. ವಯಸ್ಸು ಎಂದುಕೊಂಡಿದ್ದೆ ಎಂದೆ. ಆ ಕೋಣೆಯಲ್ಲಿ ಅದು ನನ್ನ ಎರಡನೆಯ ಸುಳ್ಳು; ಅದನ್ನು ಅವಳೂ ತಿದ್ದಲಿಲ್ಲ.

ಮನೆಗೆ ಮರಳುವ ಟ್ರಾಮಿನಲ್ಲಿ ಜನ ಕಡಿಮೆಯಿದ್ದರು. ಎದುರು ಬದುರಾಗಿ ಕುಳಿತೆವು. ಒಂದು ನಿಲ್ದಾಣ ಕಳೆದ ಮೇಲೆ ನಾನು, "ಅದನ್ನು ಭಕ್ತಿ ಎಂದುಕೊಂಡಿದ್ದೆ," ಎಂದೆ.

"ನಂಗ್ ಗೊತ್ತಿತ್ತ್," ಎಂದಳು.

"ಹೇಗೆ?"

"ಪೂಜೆ ಆದ್ಮೇಲೆ ಕನ್ನಡಿ ಕಾಂತಿದ್ರಿ ಅಲ್ದಾ. ಮದಿ ದಿಬ್ಬಣದ್ ಹೊತ್ತಿಗೂ ಅಷ್ಟ್ ಕನ್ನಡಿ ಕಂಡವ್ರಲ್ಲ ನೀವ್." ಆಮೇಲೆ, "ಭಕ್ತಿ ಬಂದ್ರೆ ತುಟಿ ನೀಲಿ ಆತ್ತಾ?" ಎಂದು ಕೇಳಿದಳು.

ಎಂಟು ಕುರುಹುಗಳಲ್ಲಿ ತುಟಿ ನೀಲಿಯಾಗುವುದು ಇಲ್ಲ. ಈ ಆಧಾರ ನನಗೆ ಮೊದಲೇ ಹೊಳೆಯಬೇಕಿತ್ತು. ಗ್ರಂಥ ಓದಿದವನು ನಾನು.

ಅದಾದ ತಿಂಗಳಲ್ಲಿ ರಕ್ತನಾಳಗಳ ಚಿತ್ರ ತೆಗೆದರು. ಒಂದು ನಾಳ ತುಂಬಾ ಕಿರಿದಾಗಿತ್ತು. ಬಲಗೈಯ ಮಣಿಕಟ್ಟಿನಿಂದ ಸೂಕ್ಷ್ಮವಾದ ನಳಿಕೆಯನ್ನು ಹಾಯಿಸಿ, ಅದನ್ನು ಅಗಲಿಸಿ, ಒಳಗೊಂದು ಸ್ಟೆಂಟ್ ಇಟ್ಟರು. ಆರತಿ ಎತ್ತುವ ಕೈಯಿಂದಲೇ ಹೋದರಲ್ಲ ಎಂದು ಮಲಗಿದಲ್ಲಿ ಯೋಚಿಸಿದೆ. ಔಷಧಿಗಳು ಹೆಚ್ಚಾದವು. ವೈದ್ಯೆ ಪೂಜೆ ಬಿಡಲು ಹೇಳಲಿಲ್ಲ. ಸ್ನಾನಕ್ಕೆ ಬಿಸಿನೀರು, ಕೊಡ ಹೊರುವುದು ಬೇಡ, ಕುಳಿತು ಪೂಜೆ, ಅದಕ್ಕೆ ಮೊದಲು ಏನಾದರೂ ಆಹಾರ ಎಂದರು. ಮೊದಲ ಮೂರಕ್ಕೆ ಒಪ್ಪಿದೆ. ನಾಲ್ಕನೆಯದಕ್ಕೆ ಹಾಲಿನವರೆಗೆ ಬಂದೆವು. ಔಷಧಿಯೊಂದಿಗೆ ಹಾಲು ಕುಡಿದರೆ ಉಪವಾಸಕ್ಕೆ ಭಂಗವಿಲ್ಲವೆಂದು ನಾನೇ ಎಷ್ಟೋ ಜನರಿಗೆ ಹೇಳಿದ್ದೆ.

ಈಗ ಬೆಳಿಗ್ಗೆ ಬಾಯ್ಲರ್ ಗುರ್ರೆನ್ನುತ್ತದೆ. ಸ್ನಾನದ ಕೋಣೆಯಲ್ಲಿ ಹಬೆಯಾಡುತ್ತದೆ. ಕೊಡಪಾನವನ್ನು ಮಗಳು ಮಡಿಯುಟ್ಟು ತಂದಿಡುತ್ತಾಳೆ, ಆಮೇಲೆ ಕೌನ್ಸಿಲ್‌ಗೆ ಹೋಗುವ ಬಟ್ಟೆ ಹಾಕಿಕೊಳ್ಳುತ್ತಾಳೆ. ದೇವರ ಕೋಣೆಯಲ್ಲಿ ಹಿಂದೆ ಹೂಬುಟ್ಟಿ ಇಡುತ್ತಿದ್ದ ಕುರ್ಚಿಯಲ್ಲಿ ನಾನು ಕೂರುತ್ತೇನೆ. ಮೂರನೆಯ ಕಂಬವನ್ನು ದಾಟಿ ನಡೆಯುತ್ತೇನೆ. ಅಭ್ಯಾಸಬಲದಿಂದ ಅಲ್ಲಿ ಒಮ್ಮೆ ನಿಲ್ಲುವುದುಂಟು, ಕಾರಣವಿಲ್ಲ.

ಮಂಗಳಾರತಿಯ ಹೊತ್ತಿಗೆ ಈಗ ಹಣೆ ಒಣಗಿರುತ್ತದೆ. ಕೈ ನಡುಗುವುದಿಲ್ಲ, ಧ್ವನಿ ಸ್ಪಷ್ಟವಾಗಿರುತ್ತದೆ. ಕಣ್ಣಿಗೆ ತುಳಸಿ ಒಂದೇ ಆಗಿ ಕಾಣುತ್ತದೆ. ಮೊದಲ ಕೆಲವು ವಾರ ಇದು ಕಷ್ಟವಾಯಿತು. ದೇವರು ಕೊಟ್ಟದ್ದನ್ನು ಆಸ್ಪತ್ರೆಯವರು ತೆಗೆದರೋ, ಅಥವಾ ದೇವರು ಕೊಟ್ಟೇ ಇರಲಿಲ್ಲವೋ ಎಂದು ಆರತಿ ಹಿಡಿದು ಯೋಚಿಸುತ್ತಿದ್ದೆ, ಮಂತ್ರ ಮರೆಯುತ್ತಿತ್ತು. ಈಗ ಮರೆಯುವುದಿಲ್ಲ. ಅರುವತ್ತು ವರ್ಷ ಕುರುಹಿಲ್ಲದೆ ಮಾಡಿದ ಪೂಜೆಯನ್ನು ಯಾರೂ ವಾಪಸು ಕಳಿಸಿರಲಿಲ್ಲ. ಇನ್ನುಳಿದದ್ದನ್ನೂ ಹಾಗೆಯೇ ಮಾಡುವುದು.

ಆಸ್ಪತ್ರೆಯ ಪುಸ್ತಕದ ಖಾಲಿ ಪುಟಗಳನ್ನು ನನ್ನ ಹೆಂಡತಿ ಹರಿದು ಇಟ್ಟುಕೊಂಡಿದ್ದಳೆಂದು ತೀರ ಇತ್ತೀಚೆಗೆ ತಿಳಿಯಿತು. ಬಾಗಿಲಲ್ಲಿ ಕುಳಿತು, ಹೂವಿನ ತೊಟ್ಟು ಮುರಿಯುತ್ತ, ನಡುವೆ ಒಮ್ಮೆ ತಲೆಯೆತ್ತಿ ನನ್ನ ಮುಖ ನೋಡಿ, ಪೆನ್ಸಿಲ್ ತೆಗೆದುಕೊಳ್ಳುತ್ತಾಳೆ. ಇವತ್ತು ಆರತಿ ಕೊಡಲು ಬಾಗಿದಾಗ ಪುಟ ಕಣ್ಣಿಗೆ ಬಿತ್ತು. ಮೇಲಿನಿಂದ ಕೆಳಗಿನವರೆಗೆ ಪ್ರತಿದಿನ ಹೊತ್ತು ಬರೆದಿದ್ದಾಳೆ, ಎದುರಿಗೆ ತೊಂದರೆಯ ಅಂಕಣದಲ್ಲಿ ಒಂದೇ ಮಾತು: ಎಂತದೂ ಇಲ್ಲೆ.

ಅವಳು ಪುಟವನ್ನು ಮುಚ್ಚಲಿಲ್ಲ. ಎರಡೂ ಕೈ ಚಾಚಿ ಆರತಿ ತೆಗೆದುಕೊಂಡಳು.